ಮುಂಬೈ ಹೈ ಚಾಪರ್: ಒಂಬತ್ತು ವರ್ಷ ಹತ್ತಿ ಇಳಿದವನ ವಿಮರ್ಶೆ

ಮುಂಬೈನ ಜುಹುನಿಂದ ಸಮುದ್ರದ ನಡುವಿನ ತೈಲಕ್ಷೇತ್ರ ಮುಂಬೈ ಹೈಗೆ ಸುಮಾರು 160 ಕಿಲೋಮೀಟರ್, ಕೆಲಸಕ್ಕೆ ಹೋಗಿ ಬರುವುದು ಚಾಪರ್‌ನಲ್ಲಿ, ಅಂದರೆ ಹೆಲಿಕಾಪ್ಟರ್‌ನಲ್ಲಿ. 14 ದಿನ ಡ್ಯೂಟಿ, 14 ದಿನ ರಜೆ. ಕೋವಿಡ್ ಕಾಲ ಬಿಟ್ಟರೂ ಇನ್ನೂರು ಸಲ ಹಾರಿದ್ದೇನೆ. ಡಾಫಿನ್, ಬೆಲ್ 412, ಎಡಬ್ಲ್ಯೂ139 ಮೂರೂ ಮಾದರಿಯ ಚಾಪರ್‌ಗಳಲ್ಲಿ ಕೂತಾಯಿತು. ಆರಾಮ ಬೇಕಿದ್ದರೆ ಎಡಬ್ಲ್ಯೂ139. ಬೆಲ್ 412ರಲ್ಲಿ ಹಲ್ಲು ಕಟಕಟ ಅನ್ನುತ್ತದೆ, ಅಷ್ಟೇ.

ಹೊಸ ಹುಡುಗರು ಮೊದಲು ಕೇಳುವುದು, 'ಅಣ್ಣಾ, ಇದು ಎಷ್ಟು ಹಳೇದು?' ನಾನೂ ಹರಿದ ಸೀಟು ನೋಡಿ ಹೆದರಿದವನೇ. ಈಗ ಹಾಗಿಲ್ಲ. ಮೇಲೆ ತಿರುಗುವ ರೆಕ್ಕೆ, ಎಂಜಿನ್ ಶಕ್ತಿಯನ್ನು ಅದಕ್ಕೆ ದಾಟಿಸುವ ಗೇರ್‌ಬಾಕ್ಸ್, ಎಂಜಿನ್ ಎಲ್ಲಕ್ಕೂ ಇಂತಿಷ್ಟು ಗಂಟೆ ಅಂತ ಲೆಕ್ಕ ಇರುತ್ತದೆ, ಅದು ಮುಗಿದರೆ ಬಿಚ್ಚಿ ರಿಪೇರಿ ಮಾಡಬೇಕು ಇಲ್ಲವೇ ಬದಲಿಸಬೇಕು. ಹಾಗಾಗಿ ಇಪ್ಪತ್ತು ವರ್ಷದ ಚಾಪರ್‌ನಲ್ಲಿ ಹೋದ ವರ್ಷದ ಗೇರ್‌ಬಾಕ್ಸ್ ಇರಬಹುದು. ನಿಜವಾಗಿ ಮುದಿಯಾಗುವುದು ಅದರ ಮೈ. ಉಪ್ಪುಗಾಳಿ ಅದನ್ನು ಸುಮ್ನೆ ಬಿಡುವುದಿಲ್ಲ.

ಹೊಸದಾದರೆ ಸಾಕು ಅನ್ನುವವರಿಗೆ ಎರಡು ಉದಾಹರಣೆ. 2022ರ ಜೂನ್ 28ರಂದು ನಮ್ಮದೇ ಮುಂಬೈ ಹೈಯಲ್ಲಿ ರಿಗ್ (ತೈಲಬಾವಿ ಕೊರೆಯುವ ಕಟ್ಟೆ) ಹತ್ತಿರ ಸಮುದ್ರಕ್ಕೆ ಬಿದ್ದದ್ದು ಎಸ್-76ಡಿ, 2012ರಲ್ಲಷ್ಟೇ ಅನುಮತಿ ಪಡೆದ ಮಾದರಿ. ಒಂಬತ್ತು ಜನರಲ್ಲಿ ನಾಲ್ವರು ಹೋದರು. 2016ರಲ್ಲಿ ನಾರ್ವೆಯಲ್ಲಿ ಇಸಿ225 ಒಂದರ ಮೇಲಿನ ರೆಕ್ಕೆಯೇ ಕಳಚಿ 13 ಜನ ಸತ್ತರು. ಅದಕ್ಕಾಗಿದ್ದದ್ದು ಏಳೇ ವರ್ಷ. ಗೇರ್‌ಬಾಕ್ಸ್ ಒಳಗಿನ ಒಂದು ಗೇರ್ ಬಿರುಕು ಬಿಟ್ಟಿತ್ತು, ಯಾವ ಎಚ್ಚರಿಕೆ ದೀಪವೂ ಹೊತ್ತಲಿಲ್ಲ. ಎಂಜಿನ್ ಎರಡಿರುತ್ತವೆ, ಮುಖ್ಯ ಗೇರ್‌ಬಾಕ್ಸ್ ಮಾತ್ರ ಒಂದೇ, ಅಲ್ವಾ?

ಇನ್ನು ದುಡ್ಡು. ತೈಲ ಕಂಪನಿ ಚಾಪರ್ ಬಾಡಿಗೆಗೆ ಪಡೆಯುವ ಗುತ್ತಿಗೆಯಲ್ಲಿ ತಿಂಗಳಿಗಿಷ್ಟು, ಹಾರಿದ ಗಂಟೆಗಿಷ್ಟು ಅಂತ ಇರುತ್ತದೆ. ಹೊಸದಕ್ಕೆ ಬಾಡಿಗೆಯೂ ವಿಮೆಯೂ ಜಾಸ್ತಿ. ಹಳೇದು ಅಗ್ಗ, ಆದರೆ ಹ್ಯಾಂಗರ್‌ನಲ್ಲಿ ಕೂರುವ ದಿನ ಹೆಚ್ಚು, ಬಿಡಿಭಾಗಕ್ಕೆ ಕಾಯಬೇಕು, ಹಾರದ ದಿನಕ್ಕೆ ದಂಡ ಬೇರೆ. ನನಗೆ ಭಯ ಇರುವುದು ಇಲ್ಲೇ. ಕಡಿಮೆ ರೇಟು ಹೇಳಿ ಗುತ್ತಿಗೆ ಹಿಡಿದವನು, ದಂಡ ತಪ್ಪಿಸಿಕೊಳ್ಳಲು 'ಇವತ್ತೊಂದು ದಿನ ಹಾರಿಸಿಬಿಡೋಣ' ಅಂದರೆ ಮುಗಿಯಿತು. ಚಾಪರ್ ಹೊಸದೋ ಹಳೇದೋ, ಆ ಮಾತಿಗೆ ಒಂದೇ.

ಒಮ್ಮೆ ಗಣಪತಿ ಹಬ್ಬದ ಹಿಂದಿನ ದಿನ ಇಪ್ಪತ್ತು ನಿಮಿಷ ಹಾರಿ ವಾಪಸ್ ರಿಗ್‌ನಲ್ಲೇ ಇಳಿಸಿದರು. ಗೇರ್‌ಬಾಕ್ಸ್ ಎಣ್ಣೆಯಲ್ಲಿ ಲೋಹದ ಚೂರು ಇದೆ ಅಂತ ಚಿಪ್ ಲೈಟ್ ಹೊತ್ತಿತ್ತು. ಐದು ಗಂಟೆ ಕೂತೆವು, ಬೈದೆವು, ಕುಮಟಾದ ರೈಲು ತಪ್ಪಿತು, ಮನೆಯಲ್ಲಿ ಮೋದಕ ನಾನಿಲ್ಲದೇ ಖಾಲಿ. ಚಾಪರ್ ಹಳೇದು, ಪೈಲಟ್ ಮುಖ ಗಂಟು ಹಾಕಿಕೊಂಡಿದ್ದ, ಆದರೆ ನಾನು ಐದಕ್ಕೆ ಐದು ಸ್ಟಾರ್ ಕೊಡುವ ಪ್ರಯಾಣ ಅದೊಂದೇ. ಉಳಿದದ್ದಕ್ಕೆಲ್ಲ ಸೇರಿ ಮೂರೂವರೆ. ಕಳೆದ ಒಂದೂವರೆ ಅಂಕ, ತಡವಾದಾಗ ಕಾರಣ ಹೇಳದೆ 'ಟೆಕ್ನಿಕಲ್' ಅಂತ ಒಂದೇ ಪದದಲ್ಲಿ ಬಾಯಿ ಮುಚ್ಚಿಸುವುದಕ್ಕೆ.

ಹೊಸಬರಿಗೆ ಒಂದು ಮಾತು: ಕಿಟಕಿ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ಸಮುದ್ರ ನೋಡೋಕಲ್ಲ. ನೀರಿಗೆ ಇಳಿದಾಗ ಆ ಕಿಟಕಿಯನ್ನು ತಳ್ಳಿಯೇ ಹೊರಬರಬೇಕು.