ಟೆಲಿ ಮಾನಸ್ 14416 ಹೇಗಿದೆ? ದಾವಣಗೆರೆ, ಚಿತ್ರದುರ್ಗದವರು ಕರೆ ಮಾಡುವ ಮೊದಲು

ಆತ್ಮಹತ್ಯೆಯ ಸುದ್ದಿಗಳ ಕೊನೆಯಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ನೋಡಿ ನೋಡಿ, 14416 ಎಂದರೆ ಸಾಯುವ ಯೋಚನೆ ಬಂದವರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಹದಿನೈದು ದಿನದಿಂದ ನಿದ್ದೆ ಇಲ್ಲ, ಅತ್ತೆ-ಸೊಸೆ ಜಗಳ ತಲೆಯಿಂದ ಇಳಿಯುತ್ತಿಲ್ಲ, ಸಾಲದ ಕಂತಿನ ದಿನ ಹತ್ತಿರ ಬಂದರೆ ಕೈ ನಡುಗುತ್ತದೆ, ಪಿಯುಸಿ ಫಲಿತಾಂಶ ಬಂದ ಮೇಲೆ ಮಗಳು ಯಾರೊಂದಿಗೂ ಮಾತಾಡುತ್ತಿಲ್ಲ: ಇಂಥವಕ್ಕೂ ಈ ಲೈನ್ ಇದೆ. ಇಂಥವಕ್ಕೇ ಇದು ಹೆಚ್ಚು ಉಪಯೋಗ ಎನ್ನುವುದು ನಮ್ಮ ಅಭಿಪ್ರಾಯ. ಮೊದಲ ಮಾತಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇವೆ. ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಎರಡೂವರೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಇದನ್ನು ಶುರು ಮಾಡಿತು. ಮುಂದಾಳತ್ವ ಬೆಂಗಳೂರಿನ ನಿಮ್ಹಾನ್ಸ್‌ನದು. ಹಗಲು ರಾತ್ರಿ ತೆರೆದಿರುತ್ತದೆ, ಕಾಸು ಕೊಡಬೇಕಿಲ್ಲ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸಿಗುತ್ತದೆ. 14416 ತಾಗದಿದ್ದರೆ 1800 891 4416 ಒತ್ತಬಹುದು. 2024ರ ಅಕ್ಟೋಬರ್‌ನಲ್ಲಿ ಮೊಬೈಲ್ ಆ್ಯಪ್ ಕೂಡ ಬಂತು.

ಕರೆ ಹೋದ ಕೂಡಲೇ ರೆಕಾರ್ಡ್ ಮಾಡಿದ ದನಿ ಭಾಷೆ ಆರಿಸಲು ಹೇಳುತ್ತದೆ. ಗಾಬರಿಯಲ್ಲಿ ಇಲ್ಲಿಯೇ ಫೋನ್ ಇಟ್ಟುಬಿಡಬೇಡಿ, ಕನ್ನಡದ ಅಂಕಿ ಬರುವ ತನಕ ಕಾಯಿರಿ. ಮೊದಲು ಮಾತಾಡುವವರು ತರಬೇತಿ ಪಡೆದ ಕೌನ್ಸೆಲರ್. ಅಗತ್ಯ ಕಂಡರೆ ಅವರೇ ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ದಾಟಿಸುತ್ತಾರೆ. ನಡುವೆ ಒಂದು ಪ್ರಶ್ನೆ ಬರಬಹುದು: "ಸಾಯಬೇಕು ಅಂತ ಅನಿಸಿದ್ದುಂಟಾ?" ನಿಮ್ಮ ಮೇಲೆ ಅನುಮಾನ ಬಂದು ಕೇಳಿದ್ದಲ್ಲ, ನೋವಿನಲ್ಲಿರುವವರನ್ನೆಲ್ಲ ಕೇಳಲೇಬೇಕಾದ ಪ್ರಶ್ನೆ ಅದು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಇದ್ದರೆ ಇದೆ ಎನ್ನಿ, ಇಲ್ಲದಿದ್ದರೆ ಇಲ್ಲ ಎನ್ನಿ.

ಏನು ಹೇಳುತ್ತೀರಿ ಎನ್ನುವುದರ ಮೇಲೆ ಸಿಗುವ ಸಹಾಯ ನಿಂತಿದೆ. ನಮ್ಮ ಕಡೆ ಮನಸ್ಸಿನ ಸಂಕಟ ಮೈಮೇಲೆ ಬಂದು ಮಾತಾಡುತ್ತದೆ: "ಎದಿ ಡವಡವ ಅಂತೈತ್ರೀ", "ಜೀವಕ್ಕೆ ಸಮಾಧಾನ ಇಲ್ಲ", "ತಲೀನೇ ಓಡವಲ್ದು". ಹೀಗೆಯೇ ಹೇಳಿ, ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋಗಬೇಡಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಎಷ್ಟು ದಿನದಿಂದ ಹೀಗಿದೆ, ರಾತ್ರಿ ಎಷ್ಟು ತಾಸು ನಿದ್ದೆ, ಊಟ ಸೇರುತ್ತದೆಯೋ ಇಲ್ಲವೋ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ನಿಂತಿದೆ, ಬಿಪಿ-ಶುಗರ್-ಥೈರಾಯ್ಡ್ ಮಾತ್ರೆ ಇದೆಯೇ, ಕುಡಿತ ಇದೆಯೇ: ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತರೆ ಅಳು ಬಂದರೂ ಮಾತು ತಪ್ಪುವುದಿಲ್ಲ. ಎರಡು ವಾರ ದಾಟಿದ ಬೇಸರವನ್ನೂ ನಿನ್ನೆಯ ಬೇಸರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ಅದಕ್ಕೇ ದಿನದ ಲೆಕ್ಕ ಬೇಕು.

ಫೋನಿನ ಸಲಹೆಗೆ ಚೆನ್ನಾಗಿ ಬಗ್ಗುವ ತೊಂದರೆ ಎಂದರೆ ಸುದ್ದಿಯಿಂದ ಹತ್ತಿದ ಭಯ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ದಿನವಿಡೀ ಓಡಿತು, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಅಸಹಜ ಏರಿಕೆ ಇಲ್ಲ ಎಂದು ಆಮೇಲೆ ತಜ್ಞರ ಸಮಿತಿ ಹೇಳಿತು. ಆದರೆ ಒಮ್ಮೆ ಎದೆಯ ಮೇಲೆ ಬಿದ್ದ ಗಮನ ಸಮಿತಿಯ ವರದಿ ಓದಿ ವಾಪಸ್ ಹೋಗುವುದಿಲ್ಲ. ಗಾಬರಿಗೆ ಉಸಿರು ಜೋರಾಗುತ್ತದೆ. ಉಸಿರು ಜೋರಾದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಬೆರಳ ತುದಿ, ತುಟಿಯ ಸುತ್ತ ಜುಮ್ ಎನ್ನುತ್ತದೆ, ತಲೆ ತಿರುಗುತ್ತದೆ, ಎದೆ ಬಿಗಿಯುತ್ತದೆ. ಆ ಬಿಗಿತವನ್ನೇ ಹಾರ್ಟ್ ಅಟ್ಯಾಕ್ ಎಂದುಕೊಂಡಾಗ ಗಾಬರಿ ದುಪ್ಪಟ್ಟು. ಇಂಥ ಗಾಬರಿಯ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ.

ಆದರೆ ಮೊದಲ ಸಲ ಬಂದ ಎದೆನೋವನ್ನು ಮನೆಯಲ್ಲೇ ಕೂತು "ಇದು ಗಾಬರಿ" ಎಂದು ತೀರ್ಮಾನಿಸಬಾರದು. ಎದೆಯ ಮೇಲೆ ಭಾರ ಹೇರಿದಂತೆ ಒತ್ತಿ, ನೋವು ಎಡಗೈಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ 14416 ಅಲ್ಲ, 108. ಇಸಿಜಿ ಆಗಿ, ಹೃದಯ ಸರಿ ಇದೆ ಎಂದು ಡಾಕ್ಟರ್ ಹೇಳಿದ ಮೇಲೂ ಹೆದರಿಕೆ ಬಿಡದಿದ್ದರೆ ಆಗ 14416. ಕೌನ್ಸೆಲರ್ ಉಸಿರಿನ ಅಭ್ಯಾಸ ಹೇಳಿಕೊಟ್ಟರೆ ಕೇಳಿ ಬಿಡಬೇಡಿ, ಆಗಲೇ ಮಾಡಿ: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ನಿಧಾನಕ್ಕೆ ಹೊರಕ್ಕೆ, ಐದು ನಿಮಿಷ. ಬಹಳ ಮಂದಿ ಇಲ್ಲಿ ಎಡವುವುದು ದೊಡ್ಡ ಉಸಿರು ಎಳೆದು. ಎಳೆಯುವುದಲ್ಲ, ಬಿಡುವುದು ಉದ್ದವಾಗಬೇಕು. ಗಾಬರಿ ಇಲ್ಲದ ಹೊತ್ತಿನಲ್ಲೂ ದಿನಕ್ಕೆ ಎರಡು ಸಲ ರೂಢಿ ಮಾಡದಿದ್ದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಜೊತೆಗೆ ನಾಡಿ ಹಿಡಿದು ನೋಡುವುದು, ಬೆರಳಿಗೆ ಆಕ್ಸಿಮೀಟರ್ ಹಾಕುವುದು, ಮತ್ತೆ ಮತ್ತೆ ರೀಲ್ಸ್ ಹುಡುಕುವುದು ನಿಲ್ಲಬೇಕು. ನೋಡಿದ ಕ್ಷಣ ಸಮಾಧಾನ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ನೋಡಬೇಕೆನಿಸುತ್ತದೆ. ಭಯ ಬೇರು ಬಿಡುವುದೇ ಹೀಗೆ. ಸುದ್ದಿಗೆ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸಾಕು, ಮಲಗುವ ಮುಂಚೆ ಬೇಡ.

ಕರೆ ಎಲ್ಲಿಂದ ಮಾಡುವುದು? ಎರಡು ಕೋಣೆಯ ಮನೆಯಲ್ಲಿ ಆರು ಜನ ಇರುವಾಗ ಇದು ಸಣ್ಣ ಪ್ರಶ್ನೆಯಲ್ಲ. ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎಂಬ ಅಳುಕಿದ್ದರೆ ಮುಖ್ಯ ಮಾತೇ ಹೊರಬರುವುದಿಲ್ಲ. ದಾವಣಗೆರೆಯವರಿಗೆ ಕುಂದುವಾಡ ಕೆರೆ ಏರಿ ಇದೆ, ವಾಕಿಂಗ್ ಜನ ಕಡಿಮೆಯಾದ ಹೊತ್ತು ನೋಡಿಕೊಳ್ಳಿ. ಹಳ್ಳಿಯಲ್ಲಾದರೆ ತೋಟದ ಬದು. ಇಯರ್‌ಫೋನ್ ಹಾಕಿ, ಚಾರ್ಜ್ ನೋಡಿ, ಅರ್ಧ ಗಂಟೆ ಬಿಡುವು ಇಟ್ಟುಕೊಂಡು ಕೂರಿ.

ದೀರ್ಘ ಚಿಕಿತ್ಸೆಗೆ ಎರಡೂವರೆ ಅಂಕ ಯಾಕೆಂದರೆ, ಸೈಕೋಥೆರಪಿ, ಅಂದರೆ ಮಾತಿನ ಮೂಲಕ ನಡೆಯುವ ಚಿಕಿತ್ಸೆ, ಒಬ್ಬರೇ ವ್ಯಕ್ತಿಯ ಮುಂದೆ ವಾರ ವಾರ ಕೂತು ಮುಂದುವರಿಸುವ ಕೆಲಸ. ಸಹಾಯವಾಣಿಯ ಸ್ವಭಾವವೇ ಬೇರೆ. ಹಳೆಯ ಗಾಯ, ವರ್ಷಗಳ ದಾಂಪತ್ಯದ ಕಲಹ, ಆನ್‌ಲೈನ್ ಜೂಜಿನ ಚಟ ಒಂದು ಕರೆಯಲ್ಲಿ ಬಗೆಹರಿಯುವುದಿಲ್ಲ. ಹಣ ಕಟ್ಟಿ ಆಡುವ ಆ್ಯಪ್‌ಗಳನ್ನು 2025ರ ಕಾಯ್ದೆ ನಿಷೇಧಿಸಿದೆ, ಆದರೆ ಕಳೆದದ್ದನ್ನು ಆಡಿಯೇ ಗೆಲ್ಲಬೇಕೆಂಬ ತುಡಿತ ಕಾಯ್ದೆಗೆ ಬಗ್ಗದು. ಹಾಗಾಗಿ ಫೋನ್ ಇಡುವ ಮುಂಚೆ ಒಂದು ಮಾತು ಕೇಳಿಯೇ ಬಿಡಿ: "ಮುಂದೆ ನಾನು ಯಾರನ್ನ ನೋಡಬೇಕು, ಎಲ್ಲಿ?" ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಜಗಳೂರು, ಚನ್ನಗಿರಿ, ಹೊಸದುರ್ಗ, ಚಳ್ಳಕೆರೆಯ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ವಿಚಾರಿಸಲಿ. ಅದು ಮಂಗಳವಾರದ ಕಾರ್ಯಕ್ರಮ, ಬರುವ ವಾರ ಇದೆಯೇ ಎಂದು ಕೇಳಿಕೊಂಡೇ ಬಸ್ ಹತ್ತಿ.

ಮಾತ್ರೆಯ ವಿಷಯದಲ್ಲಿ ಅವಸರ ಬೇಡ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಐದನೇ ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವುದು, ಆರಾಮಾಯಿತೆಂದು ಹೇಳದೆ ಕೇಳದೆ ನಿಲ್ಲಿಸುವುದು ಎರಡೂ ತಪ್ಪು. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು-ಮೂರು ದಿನದೊಳಗೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು. ಅಂಥವರನ್ನು ಫೋನಿಗೆ ಕೂರಿಸಬೇಡಿ, ಆಸ್ಪತ್ರೆಗೆ ಸೇರಿಸಿ.

ಗುಟ್ಟು ಹೊರಬಿದ್ದೀತೆಂಬ ಹೆದರಿಕೆ ಇರುವವರಿಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮತ್ತು ಕಾಯ್ದೆಯೇ ಹೇಳಿದ ಇನ್ನು ಕೆಲವು ಸಂದರ್ಭಗಳಲ್ಲಿ ಬೇರೆಯವರಿಗೆ ತಿಳಿಸಬೇಕಾಗಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಕೊಡಬೇಕು ಎನ್ನುವುದೂ ಅದೇ ಕಾಯ್ದೆ.

ಮನೆಯವರೂ ಕರೆ ಮಾಡಬಹುದು. ಮಗ ಬರಲೊಲ್ಲ ಎಂದರೆ ಅವ್ವನೇ ಒತ್ತಲಿ. "ನನ್ನ ಮಗ ಹಠಮಾರಿ" ಎಂದರೆ ಕೌನ್ಸೆಲರ್‌ಗೆ ಏನೂ ತಿಳಿಯುವುದಿಲ್ಲ. "ಇಪ್ಪತ್ತು ದಿನದಿಂದ ರಾತ್ರಿ ಮೂರರ ತನಕ ಎಚ್ಚರ ಇರ್ತಾನ್ರೀ, ಒಂದೇ ಹೊತ್ತು ಉಣ್ತಾನೆ, ಸ್ನೇಹಿತರ ಫೋನ್ ಎತ್ತಲ್ಲ" ಎಂದರೆ ಅಲ್ಲಿಂದ ಮಾತು ಮುಂದೆ ಹೋಗುತ್ತದೆ.