ವೆನಿಸ್‌ನಲ್ಲಿ ಕ್ಯಾಮೆರಾ ಎಲ್ಲಿಡಬೇಕು: ಎರಡು ಗೋಪುರ, ಎರಡು ಸೇತುವೆ

ವೆನಿಸ್‌ಗೆ ಬಂದವರು ಮೊದಲು ಸರದಿ ಹಿಡಿಯುವುದು ಸಾನ್ ಮಾರ್ಕೊ ಚೌಕದ ಗಂಟೆಗೋಪುರಕ್ಕೆ. 98.6 ಮೀಟರ್ ಎತ್ತರ, ಒಳಗೆ ಲಿಫ್ಟ್ ಇದೆ. 1902ರಲ್ಲಿ ಕುಸಿದುಬಿದ್ದದ್ದನ್ನು 1912ಕ್ಕೆ ಮತ್ತೆ ಕಟ್ಟಿದರು. ನೋಡಲು ಹತ್ತಿ, ಫೋಟೊಗಾಗಿ ಹತ್ತುವುದು ದಂಡ. ಊರಿನ ಗುರುತೇ ಆಗಿರುವ ಗೋಪುರದ ಮೇಲೆ ನಿಂತಾಗ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಚಿತ್ರಕ್ಕೆ ಬರುತ್ತದೆ. ಒಳಗಿನ ಕಾಲುವೆಗಳೂ ಹೆಂಚಿನ ಮಾಡುಗಳ ನಡುವೆ ಮುಚ್ಚಿಹೋಗುತ್ತವೆ. ಮೇಲಿಂದ ತಂತಿಬಲೆ ಬೇರೆ. ಲೆನ್ಸನ್ನು ಬಲೆಗೆ ಒತ್ತಿ ಹಿಡಿದು ಲೆನ್ಸಿನ ಕಿಂಡಿ ಅಗಲ ತೆರೆದು ಎಫ್/4ರೊಳಗೆ ತೆಗೆದರೆ ತಂತಿ ಕರಗುತ್ತದೆ, ಕಿಂಡಿ ಕಿರಿದು ಮಾಡಿ ಎಫ್/11ಕ್ಕೆ ಹೋದರೆ ಆಕಾಶದಲ್ಲಿ ಬೂದುಬಣ್ಣದ ಪಟ್ಟಿಯಾಗಿ ಉಳಿಯುತ್ತದೆ.

ಎದುರಿನ ದ್ವೀಪದ ಸಾನ್ ಜಾರ್ಜೊ ಮಜ್ಜೋರೆ ಗೋಪುರ ಎಲ್ಲ ರೀತಿಯಲ್ಲೂ ಮೇಲು. ಸಾನ್ ಝಕರಿಯಾದಿಂದ 2ನೇ ನಂಬರಿನ ವಪೊರೆತ್ತೊ ದೋಣಿ ಹತ್ತಿದರೆ ಒಂದೇ ನಿಲ್ದಾಣ, ಇಲ್ಲೂ ಲಿಫ್ಟ್ ಇದೆ. ಡೋಜರ (ಹಿಂದಿನ ವೆನಿಸ್ ಗಣರಾಜ್ಯದ ಮುಖ್ಯಸ್ಥರ) ಅರಮನೆ, ಸಾನ್ ಮಾರ್ಕೊ ಗೋಪುರ, ನಡುವೆ ನೀರು ಎಲ್ಲವೂ ಒಂದೇ ಚೌಕಟ್ಟಿಗೆ ಸಿಗುತ್ತವೆ. ದೂರ ಅರ್ಧ ಕಿಲೋಮೀಟರಿಗಿಂತ ಹೆಚ್ಚು. 24 ಎಂಎಂನ ಅಗಲ ನೋಟದ ಲೆನ್ಸಿನಲ್ಲಿ ಊರು ಒಂದು ಗೆರೆಯಾಗಿಬಿಡುತ್ತದೆ, ದೂರದ್ದನ್ನು ಹತ್ತಿರ ತರುವ 70ರಿಂದ 200 ಎಂಎಂ ಬೇಕು. ನೋಟ ವಾಯವ್ಯಕ್ಕಿರುವುದರಿಂದ ಬೆಳಗಿನ ಬಿಸಿಲು ನಿಮ್ಮ ಬಲಗಡೆಯಿಂದ, ಬೆನ್ನ ಹಿಂದಿನಿಂದ ಬೀಳುತ್ತದೆ. ಬೇಸಿಗೆಯ ಸಂಜೆಗೆಂದು ಕಾಯುವುದು ವ್ಯರ್ಥ, ಸೂರ್ಯ ಎದುರಿಗೇ ಇಳಿದು ಅರಮನೆ ಕಪ್ಪಾಗುತ್ತದೆ.

ಮುಸ್ಸಂಜೆಯ ನೀಲಿ ಬೆಳಕಿಗೆ ಗೋಪುರ ಬಿಟ್ಟು ಸೇತುವೆಗೆ ಬರಬೇಕು. ಅಕಾದೆಮಿಯಾ, ರಿಯಾಲ್ತೊ ಎಂಬ ಎರಡು ಸೇತುವೆಗಳ ನಡುವೆ ಆಯ್ಕೆ ನಿಜಕ್ಕೂ ಕಷ್ಟ. ನೋಟದಲ್ಲಿ ಅಕಾದೆಮಿಯಾ ಗೆಲ್ಲುತ್ತದೆ: ಗ್ರ್ಯಾಂಡ್ ಕೆನಾಲ್ ಎಂಬ ಊರಿನ ಮುಖ್ಯ ಕಾಲುವೆ ಮುಂದೆ ಸಾಗಿ ಸಾಲೂತೆ ಚರ್ಚಿನ ಗುಮ್ಮಟದ ಬುಡಕ್ಕೆ ತಲುಪುತ್ತದೆ. ಆದರೆ ಓಡಾಡುವ ಜಾಗ ಮರದ್ದು. ಒಬ್ಬರು ಸೂಟ್‌ಕೇಸ್ ಎಳೆದುಕೊಂಡು ಹೋದರೂ ಹಲಗೆ ಅದುರುತ್ತದೆ, ಟ್ರೈಪಾಡ್ ಅದರ ಜೊತೆಗೇ ಅದುರುತ್ತದೆ. ಟ್ರೈಪಾಡಿನ ಕಾಲಿಗೆ ಬ್ಯಾಗ್ ತೂಗುಹಾಕಿದರೂ ಉಪಯೋಗವಿಲ್ಲ, ಅಲುಗುತ್ತಿರುವುದು ಟ್ರೈಪಾಡಲ್ಲ, ನೆಲ. ರಿಯಾಲ್ತೊ 1591ರಲ್ಲಿ ಮುಗಿದ ಕಲ್ಲಿನ ಸೇತುವೆ. ಎಷ್ಟು ಜನ ತುಳಿದರೂ ಕದಲುವುದಿಲ್ಲ.

ಹಾಗಾಗಿ ರಿಯಾಲ್ತೊದಲ್ಲಿ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಳತೆ), ಎಫ್/8, 8 ಸೆಕೆಂಡ್ ಎಂದು ಧೈರ್ಯವಾಗಿ ಇಡಬಹುದು. ನೀರು ನುಣುಪಾಗಿ ದೋಣಿಯ ದೀಪ ಗೆರೆಯಾಗುತ್ತದೆ. ಬಲದಂಡೆ ರೀವಾ ದೆಲ್ ವಿನ್‌ನ ಹೋಟೆಲ್ ದೀಪಗಳು ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ. ದಡಕ್ಕೆ ಕಟ್ಟಿದ ಗೊಂಡೋಲಾಗಳು ಮಾತ್ರ ಅಲೆಗೆ ತೂಗಾಡಿ ಮಸುಕಾಗುತ್ತವೆ, ಅವುಗಳಿಗಾಗಿ ಐಎಸ್‌ಒ ಏರಿಸಿ ಅರ್ಧ ಸೆಕೆಂಡಿನದೊಂದು ತೆಗೆದಿಟ್ಟುಕೊಂಡು ಆಮೇಲೆ ಜೋಡಿಸಿ. ಅದೇ ಬೆಳಕಿಗೆ ಅಕಾದೆಮಿಯಾದಲ್ಲಿ ಐಎಸ್‌ಒ 1600, ಎಫ್/4, 1/8 ಸೆಕೆಂಡ್. ಹತ್ತಾರು ಚಿತ್ರ ತೆಗೆದು, ಅಲುಗದೆ ಬಂದವುಗಳನ್ನು ಆರಿಸಿ, ಸಾಫ್ಟ್‌ವೇರಿನಲ್ಲಿ ಸರಾಸರಿ ಮಾಡಿದರೆ ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು (ನಾಯ್ಸ್) ತಗ್ಗಿ ನೀರೂ ನಯವಾಗುತ್ತದೆ. ಕೆಲಸ ಹೆಚ್ಚು, ಫಲವೂ ಹೆಚ್ಚು.

ಋತುವಿನ ಲೆಕ್ಕವೂ ಉಂಟು. ಫೆಬ್ರವರಿ ಕೊನೆಯ ವಾರದಲ್ಲಿ, ಮತ್ತೆ ಅಕ್ಟೋಬರ್ ಮಧ್ಯದಲ್ಲಿ ಅಕಾದೆಮಿಯಾದಿಂದ ನೋಡಿದರೆ ಸೂರ್ಯ ಹೆಚ್ಚುಕಡಿಮೆ ಸಾಲೂತೆಯ ಹಿಂದೆಯೇ ಏಳುತ್ತಾನೆ. ಬೇಸಿಗೆಯಲ್ಲಿ ದೂರ ಎಡಕ್ಕೆ ಸರಿದುಹೋಗಿರುತ್ತಾನೆ. ರಿಯಾಲ್ತೊದ ತೆಂಕಣ ಬದಿಯಿಂದ ಡಿಸೆಂಬರಿನಲ್ಲಿ ಅವನು ಕಾಲುವೆಯ ನೇರಕ್ಕೇ ಮುಳುಗುತ್ತಾನೆ. ಬೆಳಗಿಗೆ ಮೊದಲನೆಯದು, ಚಳಿಗಾಲದ ಸಂಜೆಗೆ ಎರಡನೆಯದು.

ಉಬ್ಬರಕ್ಕೆ ಸಾನ್ ಮಾರ್ಕೊ ಚೌಕದಲ್ಲಿ ನೀರು ನಿಂತಾಗಿನ ಪ್ರತಿಬಿಂಬದ ಚಿತ್ರಕ್ಕೆ ದೊಡ್ಡ ಕ್ಯಾಮೆರಾಗಿಂತ ಫೋನೇ ವಾಸಿ. ತಲೆಕೆಳಗು ಮಾಡಿ ಹಿಡಿದರೆ ಲೆನ್ಸ್ ನೀರಿಗೆ ಎರಡು ಬೆರಳಿನಷ್ಟು ಹತ್ತಿರ ಬರುತ್ತದೆ, ಕೈಯಗಲದ ಕೊಚ್ಚೆಯಲ್ಲೂ ಚೌಕದ ಇಡೀ ಬಸಿಲಿಕಾ (ಸಾನ್ ಮಾರ್ಕೊ ಚರ್ಚು) ಮೂಡುತ್ತದೆ. ಸಮುದ್ರದ ಉಬ್ಬರ ಊರಿಗೆ ನುಗ್ಗದಂತೆ ತಡೆಯುವ ಮೋಸೆ ತಡೆಗೇಟುಗಳು 2020ರಿಂದ ಕೆಲಸ ಮಾಡುತ್ತಿದ್ದರೂ ಅವನ್ನು ಎತ್ತುವುದು ಸಾಮಾನ್ಯವಾಗಿ ಉಬ್ಬರ 110 ಸೆಂಟಿಮೀಟರ್ ದಾಟುವ ಮುನ್ಸೂಚನೆ ಇದ್ದಾಗ. ತಗ್ಗಿನಲ್ಲಿರುವ ಚೌಕಕ್ಕೆ ಅದಕ್ಕೂ ಮೊದಲೇ ನೀರು ಬರುತ್ತದೆ. ಬಸಿಲಿಕಾದ ಸುತ್ತಲಿನ ಗಾಜಿನ ತಡೆಗೋಡೆ ಚಿತ್ರದಲ್ಲಿ ಮಿಂಚದಂತೆ ಸ್ವಲ್ಪ ಓರೆಯಾಗಿ ನಿಲ್ಲಿ. ಇದು ಉಪ್ಪುನೀರು, ಟ್ರೈಪಾಡ್ ಕಾಲಿನ ತಿರುಪುಗಳನ್ನು ಅಂದು ರಾತ್ರಿಯೇ ಬಿಚ್ಚಿ ಸಿಹಿನೀರಲ್ಲಿ ತೊಳೆಯದಿದ್ದರೆ ಉಪ್ಪು ಕಟ್ಟಿ ಕಚ್ಚಿಕೊಳ್ಳುತ್ತವೆ.