ಮನೆಯಲ್ಲೇ ಕಲಿಸುವವರಿಗೆ ಮುಕ್ತ ವಿದ್ಯಾಲಯದ ಸೆಕೆಂಡರಿ ಕೋರ್ಸು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲೇ ಓದುವ ಮಗಳ ಹತ್ತನೆಯ ತರಗತಿಗೆಂದು, 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ, ಸೆಕೆಂಡರಿ ಕೋರ್ಸನ್ನು ಆರಿಸಿಕೊಂಡೆವು. 14 ವರ್ಷ ತುಂಬಿದವರು ಸೇರಬಹುದಾದ ಈ ಕೋರ್ಸಿನಲ್ಲಿ ಐದು ವಿಷಯಗಳನ್ನು ಒಂದೇ ಸಲ ಮುಗಿಸಬೇಕಾಗಿಲ್ಲ. ನೋಂದಣಿ 5 ವರ್ಷ ಊರ್ಜಿತವಾಗಿರುತ್ತದೆ, ಪಾಸಾದ ವಿಷಯದ ಅಂಕಗಳು ಜಮೆಯಾಗಿಯೇ ಇರುತ್ತವೆ.

ಅಡಕೆ ಕೊಯ್ಲಿನ ತಿಂಗಳುಗಳಲ್ಲಿ ಅಂಗಳದ ತುಂಬ ಹರವಿದ ಅಡಕೆಯನ್ನೂ ಅತ್ತೆಯವರ ಮಾತ್ರೆಯ ಹೊತ್ತನ್ನೂ ಒಟ್ಟಿಗೇ ನೋಡಿಕೊಳ್ಳುವ ನನ್ನಂಥವರಿಗೆ ಈ ಸಡಿಲಿಕೆ ಎಷ್ಟು ದೊಡ್ಡದೆಂಬುದು, ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ ಸೋತವರಿಗೇ ಗೊತ್ತು. ಗಣಿತವನ್ನು ಮುಂದಕ್ಕೆ ಹಾಕಿದ್ದರಿಂದ ಸಂಜೆಯ ಹೊತ್ತು ಸ್ವಲ್ಪ ನನಗೆಂದೇ ಉಳಿಯಿತು. ಮನೆಯಲ್ಲಿ ದನಿ ಏರುವುದೂ ಕಡಿಮೆಯಾಯಿತು.

ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿರುವುದು ಗಡಿನಾಡಿನ ನಮಗೆ ಸಣ್ಣ ಸಂಗತಿಯಲ್ಲ. ಪಾಠದ ನಡುನಡುವೆ ಪ್ರಶ್ನೆಗಳೂ ಕೊನೆಯಲ್ಲಿ ಅವುಗಳ ಉತ್ತರಗಳೂ ಇರುವುದರಿಂದ ಮಗು ತನ್ನಷ್ಟಕ್ಕೆ ಓದಿಕೊಳ್ಳಬಲ್ಲದು. ಆದರೆ ಶೇಕಡಾ 20ರಷ್ಟು ಮಹತ್ವವಿರುವ ಅಸೈನ್‌ಮೆಂಟುಗಳ ಗಡುವನ್ನು ಹೆತ್ತವರೇ ನೆನಪಿಟ್ಟುಕೊಳ್ಳಬೇಕು. ಗೃಹವಿಜ್ಞಾನದಂತಹ ಪ್ರಾಯೋಗಿಕ ಪರೀಕ್ಷೆಯ ವಿಷಯ ಆಯ್ದರೆ ಕೇಂದ್ರಕ್ಕೆ ಓಡಾಟ ತಪ್ಪಿದ್ದಲ್ಲ. ಸಹಪಾಠಿಗಳ ಗದ್ದಲವಿಲ್ಲದೆ ಓದಲಾರದ ಮಕ್ಕಳಿಗೆ ಇದನ್ನು ನಾನು ಸೂಚಿಸಲಾರೆ.